ಕೆಂಪು ಆಟದ ಮಹಜರು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ, ಸೊರಬದಲ್ಲಿ ನನ್ನ ತಂಗಿ ಗಿರಿಜಾಳ ಮನೆಯ ನಡುಕೋಣೆ. ಹಾಜರಿದ್ದವರು ಮೂವರು: ನಾನು, ಗಿರಿಜಾ, ಕಾಲೇಜಿಗೆ ಹೋಗುವ ಅವಳ ಮಗಳು ಮೇಘನಾ. ಗಿರಿಜಾ ಗಡಿಯಾರ ರಿಪೇರಿ ಮಾಡುವವಳು. ಅಂಗಡಿಗೆ ರಜೆಯಿದ್ದರೂ ಕಿಟಕಿಯ ಪಕ್ಕದ ಮೇಜಿನಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಕೂತಿದ್ದಳು. ಮೇಘನಾ ಚಾಪೆಯ ಮೇಲೆ ಕಾಲು ಚಾಚಿಕೊಂಡಿದ್ದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಆಟದ ಹಿಡಿಕೆ ಹಿಡಿದು, ಟಿ.ವಿ.ಯೊಳಗಿನ ಒಂದು ಬೆಟ್ಟ ಹತ್ತುತ್ತಿದ್ದೆ.

ಹನ್ನೊಂದು ಭಾನುವಾರಗಳಿಂದ ನಾನು ಶಿಕಾರಿಪುರದಿಂದ ಎಂಟೂವರೆಯ ಬಸ್ಸು ಹಿಡಿದು ಬಂದು, ಹತ್ತರಿಂದ ಹನ್ನೆರಡೂವರೆಯವರೆಗೆ ಈ ಆಟ ಆಡುತ್ತಿದ್ದೇನೆ. ಕಾರಣ ಮೇಘನಾ. ಅವಳು ಹೊಸ ಆಟಗಳನ್ನು ಆಡಿ, ಅವು ಹೇಗಿವೆಯೆಂದು ಕನ್ನಡದಲ್ಲಿ ಹೇಳಿ ಅಂತರ್ಜಾಲಕ್ಕೆ ಹಾಕುತ್ತಾಳೆ. ಹಳೇ ಕಾಲದವರೊಬ್ಬರ ಅಭಿಪ್ರಾಯವೂ ಇರಲಿ ಎಂದು ನನ್ನನ್ನು ಹಿಡಿದಳು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ಇಪ್ಪತ್ತು ವರ್ಷ ಗಂಟೆ ಹೊಡೆದು ಹೊಡೆದು ದಣಿದ ನನಗೆ, ಗಂಟೆಯೇ ಇಲ್ಲದ ಊರೊಂದರಲ್ಲಿ ಅಡ್ಡಾಡಿ ಬರುವುದು ಬೇಡವೆನಿಸಲಿಲ್ಲ. ಇಂಥ ಆಟಕ್ಕೆ ಓಪನ್ ವರ್ಲ್ಡ್ ಎನ್ನುತ್ತಾರಂತೆ. ಬೆನ್ನಿಗೆ ಬಿಲ್ಲು ಕಟ್ಟಿಕೊಂಡ ಒಬ್ಬಳು ಹೆಂಗಸು, ಅವಳಿಗೊಂದು ಕುದುರೆ, ಸುತ್ತ ಕಣ್ಣು ಹರಿದಷ್ಟೂ ನೆಲ. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಮಳೆ ಬಂದರೆ ಕುದುರೆಯ ಮೈ ತೊಯ್ಯುತ್ತದೆ. ಶತ್ರುಗಳನ್ನು ಹುಡುಕಿಕೊಂಡು ಹೋಗದಿದ್ದರೆ ಅವರೂ ನಮ್ಮ ತಂಟೆಗೆ ಬರುವುದಿಲ್ಲ. ಇದು ನನಗೆ ಹಿಡಿಸಿತು. ಹಿಡಿಸದಿದ್ದದ್ದು, ಕುದುರೆಗೆ ಹುಲ್ಲು ಹಾಕುವ ಏರ್ಪಾಡೇ ಇಲ್ಲದಿರುವುದು. ಎರಡನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಮೊದಲ ನಾಲ್ಕು ಭಾನುವಾರ ನಾನು ಮಾಡಿದ್ದು ಒಂದೇ ಕೆಲಸ, ಆ ನೆಲದ ನಾಲ್ಕೂ ಗಡಿ ನಡೆದು ನೋಡಿದ್ದು. ಕಂದಾಯ ಇಲಾಖೆಯವರ ಮಗಳು ಬೇರೆ ಹೇಗೆ ಶುರುಮಾಡಿಯಾಳು?

ಆ ಬೆಳಿಗ್ಗೆ ಮಾತು ಬಂದದ್ದು ಒಂದು ಕೊಳದ ಬಗ್ಗೆ.

"ದೊಡ್ಡಮ್ಮಾ, ಆ ಬೆಟ್ಟದ ಹಿಂದೆ ಒಂದು ಕೊಳ ಐತಲ್ಲ, ಸಂಜೆ ಹೊತ್ತು ಬೆಳ್ಳಕ್ಕಿ ಬಂದು ಇಳೀತಾವಲ್ಲ, ಅದನ್ನೂ ಬರೀರಿ," ಎಂದಳು ಮೇಘನಾ.

"ಯಾವ ಕೊಳ? ಅಲ್ಲಿ ಕೊಳ ಇಲ್ಲ."

"ಐತೆ ದೊಡ್ಡಮ್ಮಾ. ನಾನು ನೋಡೀನಿ."

"ನಾಲ್ಕೂ ದಿಕ್ಕು ನಡೆದಿದ್ದೀನಿ ಕಣೆ. ನಾನು ನೋಡದೆ ಇರೋ ಕೊಳ ಎಲ್ಲಿಂದ ಬಂತು? ಇಲ್ಲ ಅಂದ್ರೆ ಇಲ್ಲ."

ಗಿರಿಜಾ ತಲೆ ಎತ್ತಲಿಲ್ಲ. ಚಿಮುಟದಲ್ಲಿ ಏನನ್ನೋ ಹಿಡಿದಿದ್ದ ಕೈಯೂ ಅಲುಗಲಿಲ್ಲ.

"ಬರ್ಕೋ ಅಕ್ಕ," ಎಂದಳು. "ಸಂಪೂರ್ಣವಾಗಿ ಪರಿಶೀಲಿಸಲಾಗಿದೆ, ಹೇಳಿಕೆಯಂತೆ ಕಂಡುಬಂದಿಲ್ಲ ಅಂತ ಬರ್ಕೋ."

ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು. ಆ ಸಾಲು ಅಕ್ಷರ ತಪ್ಪದೆ ಅವಳಿಗೆ ನೆನಪಿತ್ತು. ಬರೆದವಳು ನಾನು, ನನಗೂ ಇತ್ತು. ಹಿಡಿಕೆಯನ್ನು ಕೆಳಗಿಟ್ಟೆ. ಟಿ.ವಿ.ಯಲ್ಲಿ ಕುದುರೆ ಬೆಟ್ಟದ ಅರ್ಧದಲ್ಲಿ ನಿಂತು ಬಾಲ ಬೀಸುತ್ತಿತ್ತು.

ನಾವು ಬೆಳೆದ ಮನೆ ಶಿಕಾರಿಪುರದಲ್ಲಿ, ಕೆರೆ ಏರಿಯ ಕಡೆ ಹೋಗುವ ಬೀದಿಯಲ್ಲಿತ್ತು. ಸಾಲಾಗಿ ಮೂರು ಕೋಣೆ. ಬೀದಿಗೆ ಹತ್ತಿದ್ದು ಅಪ್ಪಾಜಿಯ ಕೋಣೆ, ನಡುವಿನದು ಎಲ್ಲರದು, ಹಿಂದಿನದು ಅಡುಗೆಯದು. ಬಾಗಿಲುಗಳು ಒಂದರ ನೇರಕ್ಕೊಂದು ಇದ್ದುದರಿಂದ ಅಪ್ಪಾಜಿ ತಮ್ಮ ಮೇಜಿನಲ್ಲಿ ಕೂತೇ ಒಲೆಯ ಮೇಲೆ ಏನಿದೆಯೆಂದು ನೋಡಬಹುದಿತ್ತು. ಅವರು ಕಂದಾಯ ಇಲಾಖೆಯಲ್ಲಿ ಕೆಲಸಕ್ಕಿದ್ದರು. ಹೊಲದ ಬದುವಿನ ತಕರಾರಾದರೆ, ಬಾಂದುಕಲ್ಲು ಕಿತ್ತರೆ, ಬಣವೆಗೆ ಬೆಂಕಿ ಬಿದ್ದರೆ, ಸೈಕಲ್ಲಿನಲ್ಲಿ ಈಸೂರಿಗೋ ಬಳ್ಳಿಗಾವಿಗೋ ಹೋಗಿ, ಊರಿನ ನಾಲ್ಕು ಜನರನ್ನು ಸಾಕ್ಷಿಗೆ ಪಂಚರೆಂದು ನಿಲ್ಲಿಸಿಕೊಂಡು, ಕಣ್ಣಿಗೆ ಕಂಡದ್ದನ್ನು ಬರೆದು ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಅದೇ ಮಹಜರು. ಬೇರೆ ಮನೆಗಳಲ್ಲಿ ಅಪ್ಪಂದಿರು ಕೆಲಸವನ್ನು ಕಚೇರಿಯಲ್ಲಿ ಬಿಟ್ಟು ಬರುತ್ತಿದ್ದರು. ನಮ್ಮ ಅಪ್ಪಾಜಿ ಅಡುಗೆಮನೆಯವರೆಗೆ ತರುತ್ತಿದ್ದರು. ಮನೆಗೆ ಯಾವ ಹೊಸ ವಸ್ತು ಬಂದರೂ, ಯಾವುದು ಕೆಟ್ಟರೂ, ಒಡೆದರೂ, ಅದಕ್ಕೊಂದು ಮಹಜರು ಆಗಬೇಕು. ಕುಕ್ಕರ್ ಬಂದಾಗ ಆಯಿತು. ಕೊಡ ತೂತಾದಾಗ ಆಯಿತು. ಅವ್ವ ಒಮ್ಮೆ ಉಪ್ಪಿನಕಾಯಿ ಬೂಸ್ಟು ಹಿಡಿಯಿತೆಂದು ಯಾರಿಗೂ ಹೇಳದೆ ಹಿತ್ತಲಿಗೆ ಚೆಲ್ಲಿದ್ದಕ್ಕೆ ಎರಡು ದಿನ ಮಾತುಕತೆಯಿರಲಿಲ್ಲ. ಚೆಲ್ಲಿದ್ದಕ್ಕಲ್ಲ, ನೋಡದೆ ಬರೆಯುವ ಹಾಗಾಯಿತಲ್ಲ ಎಂಬುದಕ್ಕೆ.

"ಕಾಲಿಡದ ಹೊಲಕ್ಕೆ ಚಕ್ಕುಬಂದಿ ಬರೀಬಾರದು," ಎನ್ನುವುದು ಅವರ ಮಾತು. ಚಕ್ಕುಬಂದಿಯೆಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಹೋಗಿ ನಿಂತು ನೋಡದವನು ಅದನ್ನು ಬರೆದರೆ ಒಬ್ಬನ ನೆಲ ಇನ್ನೊಬ್ಬನ ಪಾಲಾಗುತ್ತದೆ ಎನ್ನುತ್ತಿದ್ದರು.

ಮನೆಯಲ್ಲಿ ಎಲ್ಲಕ್ಕೂ ಗಂಟೆಯಿತ್ತು. ಐದೂಕಾಲಿಗೆ ಏಳುವುದು. ಆರಕ್ಕೆ ಅಜ್ಜಿಯ ಲಿಂಗಪೂಜೆ, ನಮ್ಮ ಹಣೆಗೆ ವಿಭೂತಿ. ಎಂಟಕ್ಕೆ ರೊಟ್ಟಿ, ಪಲ್ಯ, ಮೊಸರು. ರೊಟ್ಟಿ ಬಡಿಯುವ ಸದ್ದು ನಿಂತರೆ ಬೀದಿಯವರಿಗೂ ಎಂಟಾಯಿತೆಂದು ತಿಳಿಯುತ್ತಿತ್ತು. ಸಂಜೆ ಏಳಕ್ಕೆ, ಊಟಕ್ಕೆ ತಟ್ಟೆ ಹಾಕುವ ಮೊದಲು, ನಡುಕೋಣೆಯಲ್ಲಿ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂತು ಆ ದಿನ ಕಂಡದ್ದನ್ನು ಹೇಳಬೇಕು. ಅಜ್ಜಿಯಿಂದ ಶುರುವಾಗಿ ಗಿರಿಜಾಳಿಗೆ ಮುಗಿಯುತ್ತಿತ್ತು. ಎಂಟು ವರ್ಷದ ಗಿರಿಜಾಳದೇ ಎಲ್ಲರಿಗಿಂತ ಉದ್ದದ ವರದಿ. ಶಾಲೆಯ ದಾರಿಯಲ್ಲಿ ಕಂಡ ಕುರಿಮಂದೆಯಲ್ಲಿ ಒಂದು ಕುರಿಗೆ ಒಂದು ಕಿವಿ ಕಪ್ಪು, ಒಂದು ಕಿವಿ ಬಿಳಿ ಇದ್ದದ್ದು, ಟೀಚರು ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದದ್ದು, ಇರುವೆಯೊಂದು ಸಕ್ಕರೆ ಹರಳನ್ನು ಹೊತ್ತು ಹೊಸ್ತಿಲು ದಾಟಲಾರದೆ ಮೂರು ಸಲ ಹಿಂದೆ ಬಿದ್ದದ್ದು. ಅವ್ವ ಒಳಗಿನಿಂದ ಕೂಗುತ್ತಿದ್ದಳು:

"ಸಾರು ಆರಿ ತಣ್ಣಗಾತು ಮಾರಾಯ್ತಿ, ಆ ಇರುವೆನ ಬೇಗ ಹೊಸ್ತಿಲು ದಾಟ್ಸೇ!"

ಅಪ್ಪಾಜಿ ಮಾತ್ರ ಅವಳನ್ನು ತಡೆಯುತ್ತಿರಲಿಲ್ಲ. ನನ್ನ ವರದಿಗೆ ಅವರು "ಹೂಂ" ಅನ್ನುತ್ತಿದ್ದರು. ಅವಳ ವರದಿಗೆ "ಆಮೇಲೆ?" ಅನ್ನುತ್ತಿದ್ದರು. ಈ ವ್ಯತ್ಯಾಸವನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿಯೇ ಗಮನಿಸಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ದಸರಾ ರಜೆಯಲ್ಲಿ ಸೊರಬದ ಮಾವ ಬಂದರು. ಅವ್ವನ ತಮ್ಮ, ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಗಡಿಯಾರ, ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದವರು. ಅವರ ಚೀಲದಲ್ಲಿ ಎರಡು ಪೆಟ್ಟಿಗೆಗಳಿದ್ದವು. ಒಂದು ಕೆಂಪು, ಒಂದು ಬೂದು, ಎರಡೂ ಸೋಪಿನ ಡಬ್ಬಿಯಷ್ಟು ದೊಡ್ಡವು. ನಡುವೆ ಗಾಜು, ಎರಡು ಬದಿಗೆ ಗುಂಡಿ.

"ಭಾವ, ಇವು ಮುಂಬಯಿ ಕಡೆಯಿಂದ ಬಂದಿರೋ ವಿಡಿಯೋ ಗೇಮು. ದೀಪಾವಳಿಗೆ ಅಂಗಡೀಲಿ ಇಡಬಹುದಾ ಎಂತ ಅಂತ ನಂಗೆ ಗೊತ್ತಾಗ್ತಿಲ್ಲ. ಮಕ್ಕಳು ಆಡಿ ನೋಡ್ಲಿ. ನೀವೊಂದು ಮಹಜರು ಮಾಡಿಸಿಕೊಡ್ರೀ."

ಮಾವ ಅರ್ಧ ತಮಾಷೆಗೆ ಹೇಳಿದ್ದು. ಅಪ್ಪಾಜಿಗೆ ತಮಾಷೆ ಕೇಳಿಸಲಿಲ್ಲ. ಪೆಟ್ಟಿಗೆಗಳನ್ನು ಮೇಜಿನ ಮೇಲೆ ಇಡಿಸಿಕೊಂಡು, ಅಡಿ ಮೇಲು ತಿರುಗಿಸಿ ನೋಡಿ, ಎಂಟು ದಿನದ ಗಡುವು ಕೊಟ್ಟರು. ದಿನಕ್ಕೆ ತಲಾ ಅರ್ಧ ಗಂಟೆ, ಸಂಜೆ ಐದರಿಂದ ಐದೂವರೆ ನಾನು, ಐದೂವರೆಯಿಂದ ಆರು ಗಿರಿಜಾ. ಮಹಜರು ಬರೆಯುವ ಜವಾಬ್ದಾರಿ ನನ್ನದು. ಅಲ್ಲಿಯವರೆಗೆ ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಪೂರ್ತಿ ನನ್ನದೇ ಆದ ಮಹಜರು ಅದೇ ಮೊದಲು.

ಕೆಂಪು ಪೆಟ್ಟಿಗೆಯಲ್ಲಿ ಎತ್ತರದ ಒಂದು ಕಟ್ಟಡಕ್ಕೆ ಬೆಂಕಿ ಹತ್ತಿರುತ್ತದೆ. ಕಿಟಕಿಗಳಿಂದ ಜನ ಧುಮುಕುತ್ತಾರೆ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡ ಮಹಾವೀರನೊಬ್ಬ ಗಾಳಿಯಲ್ಲಿ ಆಚೆ ಈಚೆ ತೇಲಿ ಅವರನ್ನು ಹಿಡಿಯಬೇಕು. ಅವನು ಚಲಿಸುವುದೆಂದರೆ, ಗಾಜಿನಲ್ಲಿ ಒಂದು ಕಡೆಯ ನೆರಳು ಆರಿ ಪಕ್ಕದಲ್ಲಿ ಇನ್ನೊಂದು ನೆರಳು ಮೂಡುವುದು, ಅಷ್ಟೆ. ಹಿಡಿದರೆ ಪೀಂ, ಬಿಟ್ಟರೆ ಟುರ್ರ್. ಬೂದು ಪೆಟ್ಟಿಗೆಯಲ್ಲಿ ಮುಖವಾಡದ ಇನ್ನೊಬ್ಬ ವೀರ ಮಾಳಿಗೆಯಿಂದ ಮಾಳಿಗೆಗೆ ನೆಗೆಯುತ್ತಾನೆ, ಕಳ್ಳರು ಇಟ್ಟಿಗೆ ಎಸೆಯುತ್ತಾರೆ. ಅಜ್ಜಿಗೆ ಕಣ್ಣಲ್ಲಿ ಪೊರೆ ಬಂದಿತ್ತು. ಆದರೂ ನಮ್ಮ ಪಕ್ಕದಲ್ಲಿ ಜಗಲಿಯ ಮೇಲೆ ಕೂತು ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ಆ ಹಚ್ಚಡ ಹೊದ್ದಾವ ಯಾರವ್ವಾ? ಚಳಿ ಹತ್ತೇತೇನ ಅವಂಗ?"

"ಅವನು ಸೂಪರ್ ಹೀರೋ ಅಜ್ಜಿ. ಎಲ್ಲಾರನ್ನೂ ಕಾಪಾಡ್ತಾನೆ," ಎಂದು ಗಿರಿಜಾ ವಿವರಿಸುತ್ತಿದ್ದಳು.

"ಬೆಂಕಿ ಆರಿಸೂದು ಬಿಟ್ಟು ಬಿದ್ದೋರನ್ನ ಆಯ್ಕೋತ ನಿಂತಾನಲ್ಲ, ಯಾವ ಸೀಮಿ ಶಾಣ್ಯಾ ಅವ!"

ಎಂಟು ದಿನಗಳಲ್ಲಿ ನನ್ನ ಅತಿ ಹೆಚ್ಚು ಅಂಕ ಇನ್ನೂರ ಹದಿನಾಲ್ಕು. ಅಲ್ಲಿಂದ ಮುಂದೆ ಜನ ಧುಮುಕುವ ವೇಗಕ್ಕೆ ನನ್ನ ಹೆಬ್ಬೆರಳು ಸಾಲುತ್ತಿರಲಿಲ್ಲ. ಗಿರಿಜಾ ಮೂರನೆಯ ದಿನವೇ ನಾನೂರು ದಾಟಿದಳು. ಅವಳು ಆಡುವಾಗ ಉಸಿರೂ ಸದ್ದು ಮಾಡುತ್ತಿರಲಿಲ್ಲ. ಗಾಜನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಸಮ ಪೀಂ ಪೀಂ ಪೀಂ ಎನ್ನಿಸುತ್ತ ಕೂತಿರುತ್ತಿದ್ದಳು. ನಾನು ಅವಳ ಅರ್ಧ ಗಂಟೆಯಲ್ಲಿ ಒಳಗೆ ಹೋಗಿ ದೀಪದ ಬುರುಡೆ ಒರೆಸುವ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಏಳನೆಯ ದಿನ ಆರಕ್ಕೆ ಐದು ನಿಮಿಷವಿರುವಾಗ ಜಗಲಿಯಿಂದ ಅವಳ ಕೂಗು ಕೇಳಿತು.

"ಅಕ್ಕಾ! ಬಾರೇ ಅಕ್ಕಾ! ಎಲ್ಲಾರೂ ಬಂದ್ರು!"

ಬೂದಿಗೈಯಲ್ಲಿ ಓಡಿದೆ. ಗಾಜಿನಲ್ಲಿ ಎಂದಿನಂತೆ ಕಟ್ಟಡ, ಒಬ್ಬನೇ ವೀರ, ಮೂಲೆಯಲ್ಲಿ ಸೊನ್ನೆ. ಗಿರಿಜಾಳ ಮುಖ ಕೆಂಪೇರಿತ್ತು. ಒಂಬೈನೂರ ತೊಂಬತ್ತೊಂಬತ್ತು ಆಯಿತಂತೆ, ಇನ್ನೊಬ್ಬನನ್ನು ಹಿಡಿದಳಂತೆ, ಆಗ ಒಂದು ಗಳಿಗೆ ಗಾಜಿನ ತುಂಬ ಮಹಾವೀರರೇ ಕಾಣಿಸಿಕೊಂಡರಂತೆ. ಎಡಕ್ಕೂ ಅವನೇ, ಬಲಕ್ಕೂ ಅವನೇ, ನಡುವೆಯೂ ಅವನೇ. ಎಲ್ಲ ಕಿಟಕಿಯಲ್ಲೂ ಬೆಂಕಿ, ಗಾಳಿಯ ತುಂಬ ಜನ. ಆದರೆ ಪ್ರತಿಯೊಬ್ಬರ ಕೆಳಗೂ ಹಿಡಿಯುವುದಕ್ಕೆ ಒಬ್ಬೊಬ್ಬ ವೀರ.

"ಯಾರೂ ಬೀಳಲೇ ಇಲ್ಲ ಅಕ್ಕಾ! ಒಬ್ಬರೂ ಬೀಳಲಿಲ್ಲ!"

ಏಳು ಗಂಟೆಯ ವರದಿಯಲ್ಲಿ ಅವಳು ಅದನ್ನೇ ಎದ್ದು ನಿಂತು, ಕೈಗಳನ್ನು ಅಗಲಿಸಿ ಹೇಳಿದಳು. ಅಪ್ಪಾಜಿ "ಆಮೇಲೆ?" ಎಂದು ಮೂರು ಸಲ ಕೇಳಿದರು. ಆಮೇಲೆ ಪದ್ಧತಿಯಂತೆ ಅಜ್ಜಿಯ ಕಡೆ ತಿರುಗಿದರು.

"ಅವ್ವಾ, ನೀ ಅಲ್ಲೇ ಇದ್ಯಲ್ಲ, ಏನು ಕಂಡಿತು?"

"ಏನೋ ಕರ್ರಗ ಆತಪ್ಪ. ನನ್ನ ಕಣ್ಣಿಗೆ ಎಲ್ಲಾನೂ ಕರ್ರಗ ಆಗತೈತಿ."

ಮನೆಯ ಕಾನೂನಿನಲ್ಲಿ ಹತ್ತು ವರ್ಷ ತುಂಬದವರು ಪಂಚರಾಗುವಂತಿರಲಿಲ್ಲ. ಅವರು ಹೇಳಿದ್ದು ಹೇಳಿಕೆಯೇ ಹೊರತು ಸಾಕ್ಷಿಯಲ್ಲ. ಬರೆಯುವವರು ತಾವೇ ನೋಡಿ ಖಚಿತಪಡಿಸಿಕೊಳ್ಳಬೇಕು. ಅಪ್ಪಾಜಿ ಗಡುವನ್ನು ಎರಡು ದಿನ ಹೆಚ್ಚಿಸಿದರು. ಎರಡೂ ದಿನ ಗಿರಿಜಾಳ ಪಾಲಿನ ಸಮಯವೂ ಸೇರಿ ಪೂರ್ತಿ ಒಂದು ಗಂಟೆ ನನಗೆ.

"ನೀನೇ ಅಲ್ಲೀತನಕ ಹೋಗಿ ನೋಡು. ಕಂಡ್ರೆ ಕಂಡಿತು ಅಂತ ಬರಿ. ನಿನ್ನ ಕೈಲಿ ಆಗದೆ ಇದ್ರೆ ಆಗಲಿಲ್ಲ ಅಂತ ಬರಿ. ಅದೂ ಮಹಜರೇ."

ಅವರ ಕೊನೆಯ ಮಾತನ್ನು ನಾನು ಇಷ್ಟು ವರ್ಷ ಮರೆತಂತೆ ನಟಿಸಿದ್ದೇನೆ. ದಾರಿ ತೆರೆದೇ ಇತ್ತು. ಆಗಲಿಲ್ಲ ಎಂದು ಬರೆಯಬಹುದಿತ್ತು.

ಗಿರಿಜಾ ಎರಡೂ ದಿನ ನನ್ನ ಮಗ್ಗುಲಲ್ಲಿ ಮಂಡಿ ಊರಿ ಕೂತಳು. "ಈಗ ಎಡಕ್ಕೆ ಅಕ್ಕ, ಅವನು ಬೀಳ್ತಾನೆ, ಅಯ್ಯೋ, ಎರಡನೇ ಕಿಟಕಿ ನೋಡೇ!" ಅವಳು ಹೇಳಿಕೊಟ್ಟಷ್ಟೂ ನನ್ನ ಬೆರಳು ಬಿಗಿಯುತ್ತಿತ್ತು. ನೂರ ಎಂಬತ್ತು. ನೂರ ಅರವತ್ತೆರಡು. ಇನ್ನೂರ ಮೂರು. ಎರಡನೆಯ ದಿನ ಹೆಬ್ಬೆರಳಿನ ತುದಿಗೆ ಬೊಬ್ಬೆ ಎದ್ದಿತು. "ಕೊಡಕ್ಕ, ಎಂಟುನೂರರತನಕ ನಾ ಆಡಿ ಕೊಡ್ತೀನಿ, ಆಮೇಲೆ ನೀ ಆಡು," ಎಂದಳು. ಕೊಡಲಿಲ್ಲ. ಎಂಟು ವರ್ಷದವಳ ಹೆಗಲ ಮೇಲೆ ಕೂತು ನೋಡಬೇಕಾದ್ದು ಏನಿದ್ದರೂ ಅದು ಇಲ್ಲದಿದ್ದರೇ ಚೆನ್ನ ಎನಿಸಿತು. ಆರು ಗಂಟೆಗೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮೇಜಿನ ಮುಂದೆ ಕೂತು, ಗೆರೆಯ ಕಾಗದದಲ್ಲಿ ಗುಂಡಾದ ಅಕ್ಷರದಲ್ಲಿ ಬರೆದೆ. ಆ ಹಾಳೆ ಈಗಲೂ ನನ್ನ ಹತ್ತಿರವಿದೆ. ಅಪ್ಪಾಜಿ ತೀರಿಕೊಂಡ ಮೇಲೆ ಅವರ ಮನೆ ಮಹಜರುಗಳ ಕಟ್ಟನ್ನು ನಾನೇ ತಂದಿಟ್ಟುಕೊಂಡಿದ್ದೇನೆ.

"ಕೆಳಗೆ ಸಹಿ ಮಾಡಿದ ಪಂಚರ ಸಮಕ್ಷಮ ಬರೆದ ಮಹಜರು ಏನೆಂದರೆ, ಸೊರಬದ ಮಾವನವರು ತಂದ ಆಟದ ಪೆಟ್ಟಿಗೆಗಳ ಪೈಕಿ ಕೆಂಪು ಪೆಟ್ಟಿಗೆಯ ಚಕ್ಕುಬಂದಿ: ಪೂರ್ವಕ್ಕೆ ಬಲಗುಂಡಿ, ಪಶ್ಚಿಮಕ್ಕೆ ಎಡಗುಂಡಿ, ಉತ್ತರಕ್ಕೆ ದಾರದ ತೂತು, ದಕ್ಷಿಣಕ್ಕೆ ಸೆಲ್ಲಿನ ಮುಚ್ಚಳ. ಸದರಿ ಆಟದಲ್ಲಿ ವೀರನು ಚುರುಕಾಗಿದ್ದಾನೆ. ಬೂದು ಪೆಟ್ಟಿಗೆಯ ವೀರನು ಗುಂಡಿ ಒತ್ತಿದ ಮೇಲೆ ಯೋಚಿಸಿ ನೆಗೆಯುತ್ತಾನೆ, ಅಷ್ಟರಲ್ಲಿ ಇಟ್ಟಿಗೆ ಬೀಳುತ್ತದೆ. ಎರಡರ ಸದ್ದೂ ಹಿರಿಯರಿಗೆ ಕಿರಿಕಿರಿ. ಕೆಂಪು ಆಟದ ಕೊನೆಯಲ್ಲಿ ಅನೇಕ ವೀರರು ಒಟ್ಟಿಗೆ ಕಾಣುತ್ತಾರೆಂದು ಕು. ಗಿರಿಜಾ ನೀಡಿದ ಹೇಳಿಕೆಯ ಬಗ್ಗೆ ಆಟವನ್ನು ಸಂಪೂರ್ಣವಾಗಿ ಪರಿಶೀಲಿಸಲಾಗಿದೆ. ಹೇಳಿಕೆಯಂತೆ ಕಂಡುಬಂದಿಲ್ಲ. ಆಟವು ಮೊದಲಿನಂತೆಯೇ ಮುಂದುವರಿಯುತ್ತದೆ. ಕೊನೆಯೆಂಬುದು ಇಲ್ಲ."

ಏಳು ಗಂಟೆಗೆ ಅಪ್ಪಾಜಿ ಅದನ್ನು ಎಲ್ಲರೆದುರು ಓದಿದರು. "ಸಂಪೂರ್ಣವಾಗಿ" ಎಂಬಲ್ಲಿಗೆ ಬಂದು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನೋಡಿದರು.

"ಪೂರ್ತಿ ಆಡಿದ್ಯೇನಮ್ಮ? ಒಂಬೈನೂರ ತೊಂಬತ್ತೊಂಬತ್ತರತನಕ?"

"ಹೂಂ ಅಪ್ಪಾಜಿ."

ಗಿರಿಜಾ ನನ್ನ ಕಡೆ ತಿರುಗಿದಳು. ಎರಡೂ ದಿನ ಪಕ್ಕದಲ್ಲಿ ಕೂತಿದ್ದವಳು ಅವಳು. ಇನ್ನೂರ ಮೂರು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ಹೀಗೂ ಹೇಳಬಲ್ಲಳೇ ಎಂಬ ಆಶ್ಚರ್ಯದಲ್ಲೇ ಅವಳ ಬಾಯಿ ಅರ್ಧ ತೆರೆದಿತ್ತು. ಅವ್ವ ಸೌಟು ಹಿಡಿದು ಬಾಗಿಲಿಗೆ ಬಂದು, "ಹೋಗ್ಲಿ ಬಿಡ್ರೀ, ಕೂಸಿಗೆ ಎಂತದೋ ಕಂಡಂಗೆ ಆಗಿರ್ತದೆ," ಎಂದಳು. ಅಪ್ಪಾಜಿ ಬಿಡುವವರಲ್ಲ. ಗದರಲಿಲ್ಲ, ಹೊಡೆಯುವ ಮಾತಂತೂ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಮೆತ್ತಗೆ ಹೇಳಿದರು.

"ಕಾಣದ್ದನ್ನ ಕಂಡೆ ಅನ್ನಬಾರದು ಕೂಸೇ. ನಿನ್ನ ಮಾತು ನಂಬಿ ಮಾವ ಅಂಗಡಿಗೆ ಬಂದೋರಿಗೆಲ್ಲ ಅದನ್ನೇ ಹೇಳಿಬಿಟ್ರೆ, ಆಮೇಲೆ ಯಾರ ಮಾತು ಸುಳ್ಳಾಗುತ್ತೆ?"

ಅಪ್ಪಾಜಿ, ಅವ್ವ, ನಾನು ಸಹಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಅಂದು ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ, ಗಿರಿಜಾಳಿಗೆ ಬಹಳ ಇಷ್ಟದ್ದು. ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು ಕೂಡ. ಅದನ್ನು ನೋಡಿ, ಏನೂ ಆಗಿಲ್ಲ ಎಂದುಕೊಂಡೆ. ಮರುದಿನ ಮಾವ ಬಂದು ಹಾಳೆಯನ್ನು ಓದಿ, ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಆ ಸಂಜೆ ವರದಿಯ ಸಾಲು ಗಿರಿಜಾಳಿಗೆ ಬಂದಾಗ ಅವಳು, "ಏನೂ ಇಲ್ಲ ಅಪ್ಪಾಜಿ," ಎಂದಳು.

ಮರುದಿನವೂ ಏನೂ ಇಲ್ಲ. ಅದರ ಮರುದಿನವೂ. ಹಟವೆಂದು ಮೊದಲು ನಕ್ಕೆವು. ಅಜ್ಜಿ, "ಇರುವಿ ಎಲ್ಲಾ ಸತ್ತೂವೇನ ನಿಮ್ಮ ಸಾಲ್ಯಾಗ?" ಎಂದು ಕೆಣಕಿದಳು. ಅವಳು ಮುನಿಸಿಕೊಂಡಿರಲಿಲ್ಲ. ಆಟವಾಡುತ್ತಿದ್ದಳು, ನಗುತ್ತಿದ್ದಳು, ನನ್ನ ಜೊತೆಯೇ ಹೊದ್ದು ಮಲಗುತ್ತಿದ್ದಳು. ಏಳು ಗಂಟೆಗೆ ಗೋಡೆಗೆ ಬೆನ್ನು ಕೊಟ್ಟಾಗ ಮಾತ್ರ, ಏನೂ ಇಲ್ಲ. ನಮ್ಮ ಮನೆಯ ಸಾರು ಆರಿ ತಣ್ಣಗಾಗುವುದು ನಿಂತಿತು. ಅಪ್ಪಾಜಿ ಕೆಲವು ದಿನ "ಆಮೇಲೆ?" ಎಂದು ಕೇಳಿ ನೋಡಿ, ಕೊನೆಗೆ ಅವಳಿಗೂ "ಹೂಂ" ಎನ್ನತೊಡಗಿದರು. ನಾನು ಬಯಸಿದ್ದ ಸಮಪಾಲು ನನಗೆ ಹಾಗೆ ಸಿಕ್ಕಿತು.

ಎರಡು ವರ್ಷ ಕಳೆದ ಮೇಲೆ ಶಾಲೆಯಿಂದ ಚೀಟಿ ಬಂತು. ಗಿರಿಜಾಳಿಗೆ ಹಲಗೆಯ ಮೇಲಿನ ಅಕ್ಷರ ಕಾಣುತ್ತಿಲ್ಲ, ವರ್ಷದಿಂದ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಾಳೆ ಎಂದು. ಅಪ್ಪಾಜಿ ಚೀಟಿಯನ್ನು ಎರಡು ಸಲ ಓದಿ, ಅವಳನ್ನು ಹತ್ತಿರ ಕರೆದು ಕೇಳಿದರು.

"ಯಾಕಮ್ಮ ಹೇಳಲಿಲ್ಲ?"

"ಕಾಣದ್ದನ್ನ ಏನಂತ ಹೇಳ್ಲಿ ಅಪ್ಪಾಜಿ?"

ಅವಳು ಎದುರುತ್ತರ ಕೊಡಲಿಲ್ಲ. ನಿಜವಾಗಿಯೇ ಕೇಳಿದಳು. ಕಣ್ಣಿನ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಬಸ್ಸಿನಲ್ಲಿ ಹೋಗುವಾಗ ನನ್ನೊಳಗೆ ಒಂದು ಸಮಾಧಾನವಿತ್ತೆಂದು ಈಗ ಒಪ್ಪಿಕೊಳ್ಳಬೇಕು. ಇವಳ ಕಣ್ಣೇ ಸರಿಯಿಲ್ಲ, ಆವತ್ತು ಗಾಜಿನಲ್ಲಿ ಕಂಡದ್ದೂ ಕಣ್ಣಿನ ದೋಷವೇ ಇರಬೇಕು, ನಾನು ಬರೆದದ್ದು ಹಾಗಾದರೆ ಸರಿಯೇ. ಡಾಕ್ಟರು ಅವಳ ಕೈಗೆ ಸಣ್ಣ ಅಕ್ಷರದ ರಟ್ಟೊಂದನ್ನು ಕೊಟ್ಟರು. ಗಿರಿಜಾ ಅದನ್ನು ಮೂಗಿನ ಹತ್ತಿರ ಹಿಡಿದು, ಎಲ್ಲಕ್ಕಿಂತ ಕೆಳಗಿನ ಸಾಲನ್ನು ತಡವರಿಸದೆ ಓದಿದಳು. "ದೂರದ್ದು ಮಾತ್ರ ಕಾಣಲ್ಲ," ಎಂದರು ಡಾಕ್ಟರು. "ಹತ್ತಿರದ್ದು ನಮಗಿಂತ ಚೆನ್ನಾಗಿ ಕಾಣುತ್ತೆ ಇವಳಿಗೆ." ಅಪ್ಪಾಜಿ ಏನೋ ನೆನಪಾದವರಂತೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನು ಓದುತ್ತ ನಿಂತೆ. ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಅದೂ ಖಚಿತವಿಲ್ಲ.

ಕನ್ನಡಕ ಬಂದ ಮೇಲೆ ಗಿರಿಜಾ ರಜೆಗಳನ್ನೆಲ್ಲ ಸೊರಬದಲ್ಲಿ, ಮಾವನ ಅಂಗಡಿಯಲ್ಲಿ ಕಳೆಯತೊಡಗಿದಳು. ಅಕ್ಕಿಕಾಳಿನಷ್ಟು ಸಣ್ಣ ತಿರುಪುಗಳನ್ನು ಅವಳು ಬರಿಗಣ್ಣಿನಲ್ಲಿ ಎತ್ತಿಡುವುದನ್ನು ನೋಡಿ ಮಾವ ಅವಳಿಗೆ ಕೆಲಸ ಕಲಿಸಿದರು. ಅಂಗಡಿ ಈಗ ಅವಳದು. ಶಿಕಾರಿಪುರದ ಮನೆಯಲ್ಲಿ ಅಪ್ಪಾಜಿಯ ಗಂಟೆಗಳು ನನ್ನ ಪಾಲಿಗೆ ಬಂದವು. ಅವನ್ನೇ ಹಾಸ್ಟೆಲ್ಲಿಗೂ ಒಯ್ದೆ. ಒಂದನ್ನು ಮಾತ್ರ ಒಯ್ಯಲಿಲ್ಲ. ಅಲ್ಲಿನ ಮಕ್ಕಳಿಗೆ ಏಳು ಗಂಟೆಯ ವರದಿಯಿಲ್ಲ. ಕಾರಣ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈ ಭಾನುವಾರ, ಸಾಲು ನೆನಪಿಸಿದ ಮೇಲೆ, ಗಿರಿಜಾ ಮತ್ತೆ ಗಡಿಯಾರದೊಳಗೆ ಬಗ್ಗಿದ್ದಳು. ಮೇಘನಾ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ಏನದು ಅಮ್ಮ, ಪರಿಶೀಲನೆ ಗಿರಿಶೀಲನೆ ಅಂತ?"

"ಏನೂ ಇಲ್ಲ," ಎಂದಳು ಗಿರಿಜಾ.

ಆ ಎರಡು ಪದ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೇಘನಾಳಿಗೆ ಇದನ್ನೆಲ್ಲ ಹೇಳಿದೆ. ಇನ್ನೂರ ಮೂರು ಎಂಬುದನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಹನ್ನೊಂದೂವರೆಯಾಗಿತ್ತು. ಗಿರಿಜಾ ಭೂತಗನ್ನಡಿ ತೆಗೆದಿಟ್ಟು ಒಳಗೆ ಹೋದಳು. ಚಹಾಕ್ಕೆ ಇಟ್ಟಳು ಎಂದುಕೊಂಡೆ. ಒಂದು ಕೈಯಲ್ಲಿ ಚಹಾದ ತಟ್ಟೆಯನ್ನೂ ಇನ್ನೊಂದರಲ್ಲಿ ಹಳೆಯ ರಟ್ಟಿನ ಡಬ್ಬಿಯೊಂದನ್ನೂ ಹಿಡಿದು ಬಂದಳು. ಡಬ್ಬಿಯೊಳಗೆ ಕೆಂಪು ಪೆಟ್ಟಿಗೆ. ಮುಚ್ಚಳದ ಮೇಲೆ ಮಾವನ ಓರೆ ಅಕ್ಷರದಲ್ಲಿ "ಗಿರಿಜಾ" ಎಂದು ಬರೆದಿತ್ತು.

"ಮಾವ ಇದನ್ನ ಮಾರಲೇ ಇಲ್ಲ ಅಕ್ಕ. 'ನಿಂದೇ ಕಣೇ ಇದು, ನೀ ನೋಡಿರ್ತೀಯ ಬಿಡು' ಅಂತ ನಂಗೆ ಅಂದ್ರು. ನೋಡು, ಇಂಥಾ ಗಾಜಿನೊಳಗೆ ಎಲ್ಲಾ ಚಿತ್ರನೂ ಮೊದ್ಲೇ ಇರುತ್ತೆ. ಒಂದೊಂದಾಗಿ ತೋರಿಸುತ್ತೆ ಅಷ್ಟೆ. ಸೆಲ್ಲು ಹಾಕಿದ ಗಳಿಗೆ ಒಮ್ಮೆ ಎಲ್ಲಾನೂ ಒಟ್ಟಿಗೆ ತೋರಿಸಿಬಿಡುತ್ತೆ. ಆವತ್ತು ಅಂಕ ದಾಟಿದ್ದಕ್ಕೆ ಬಂತೋ, ನ‌ನ್ನ ಕೈಲಿ ಸೆಲ್ಲು ಅಲುಗಾಡಿತ್ತೋ, ನಂಗೆ ಈಗ್ಲೂ ಗೊತ್ತಿಲ್ಲ. ಕಂಡಿದ್ದಂತೂ ಹೌದು. ಇರು, ಹೊಸ ಸೆಲ್ಲು ಹಾಕಿ ತೋರಿಸ್ತೀನಿ."

"ಬೇಡ. ಮೊದಲು ಬರೀತೀನಿ."

"ನೋಡದೆ ಬರೀತೀಯಾ? ಅಪ್ಪಾಜಿ ಇದ್ದಿದ್ರೆ ಏನಂತಿದ್ರು?"

"ಅಪ್ಪಾಜಿ ಇಲ್ಲ. ನೀನು ಕೂತ್ಕೋ."

ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದೆ. ದಿನ, ಗಂಟೆ, ಹಾಜರಿದ್ದವರು. ಹಳೆಯ ಮಹಜರಿನಲ್ಲಿ ಆಟವನ್ನು ಸಂಪೂರ್ಣವಾಗಿ ಪರಿಶೀಲಿಸಲಾಗಿದೆ ಎಂದು ಬರೆದದ್ದು ಸುಳ್ಳು, ಬರೆದವಳು ಇನ್ನೂರ ಹದಿನಾಲ್ಕರಿಂದ ಮುಂದೆ ಹೋಗಿಯೇ ಇರಲಿಲ್ಲ ಎಂದು ಬರೆದೆ. ಕೆಂಪು ಆಟದಲ್ಲಿ ವೀರರೆಲ್ಲ ಒಟ್ಟಿಗೆ ಕಾಣಿಸಿಕೊಂಡರು, ಒಬ್ಬರೂ ಕೆಳಗೆ ಬೀಳಲಿಲ್ಲ. ಬರೆದವಳು ಇದನ್ನು ಕಂಡಿಲ್ಲ, ಗಿರಿಜಾ ಕಂಡಿದ್ದಾಳೆ. ಟಿ.ವಿ. ಆಟದಲ್ಲಿ ಬೆಟ್ಟದ ಹಿಂದೆ ಕೊಳವಿದೆ, ಸಂಜೆ ಬೆಳ್ಳಕ್ಕಿ ಇಳಿಯುತ್ತವೆ. ಇದನ್ನೂ ಬರೆದವಳು ಕಂಡಿಲ್ಲ, ಮೇಘನಾ ಕಂಡಿದ್ದಾಳೆ. ಇಷ್ಟು ಬರೆಯುವುದರಲ್ಲಿ ಕೈ ಸೋತಿತು. ವಾರದ ಹಾಸ್ಟೆಲ್ ಹಾಜರಿಪಟ್ಟಿ ಬರೆದರೂ ಇಷ್ಟು ಸೋಲುವುದಿಲ್ಲ. ಸಹಿ ಹಾಕಿ ಗಿರಿಜಾಳ ಮುಂದಿಟ್ಟೆ.

ಅವಳು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಹತ್ತು ತುಂಬೈತೇನಮ್ಮಾ ನಿಂಗೆ?" ಎಂದು ಮೇಘನಾ ಕೇಳಿದಳು.

"ತುಂಬಿತು ಅನ್ಸುತ್ತೆ," ಎಂದು ಗಿರಿಜಾ ಪೆನ್ನು ತೆಗೆದುಕೊಂಡಳು. ಸಹಿ ಹಾಕಿ, ಅದರ ಕೆಳಗೆ ಬಿಟ್ಟ ಜಾಗ ನೋಡಿ, "ಆವತ್ತು ಇನ್ನೊಂದು ಕಂಡಿದ್ದೆ ಅಕ್ಕ, ಹೇಳಿರಲಿಲ್ಲ," ಎಂದಳು. "ಎಲ್ಲಾ ಕಿಟಕೀಲೂ ಬೆಂಕಿ ಇತ್ತಲ್ಲ, ಮೇಲಿನ ಮೂಲೆ ಕಿಟಕೀಲಿ ಮಾತ್ರ ಇರಲಿಲ್ಲ. ಅಲ್ಲೊಂದು ಬೆಕ್ಕು ಕೂತಿತ್ತು."

"ಆಮೇಲೆ?" ಎಂದೆ.

ಅವಳು ಹೇಳಿದಳು. ಹೇಳುತ್ತ ಹೇಳುತ್ತ ಚಹಾ ಆರಿತು, ಆರಿದ್ದನ್ನೇ ಕುಡಿದೆವು. ಬೆಕ್ಕಿನ ಸಾಲನ್ನೂ ಸೇರಿಸಿ ಬರೆದು ಹಾಳೆ ಮುಗಿಸಿದೆ. ನಾನು ಲೋಟಗಳನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದಾಗ ಒಳಗೆ ಪೆಟ್ಟಿಗೆಯ ಸೆಲ್ಲಿನ ಮುಚ್ಚಳ ತೆಗೆದ ಸದ್ದಾಯಿತು, ನಂತರ ಪೀಂ ಎಂದಿತು. "ಅಯ್ಯೋ ಅಮ್ಮ, ಎಷ್ಟೊಂದು ಜನ!" ಎಂದು ಮೇಘನಾ ಕೂಗಿದಳು. ನಾನು ತಿರುಗಲಿಲ್ಲ. ಮೂರು ಲೋಟಗಳನ್ನೂ ತೊಳೆದು, ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದೆ.